ಪಿಕಪ್ ಎಂಜಿನ್ ಜೋರಾತು, ಗೇರ್‌ಬಾಕ್ಸ್ ತಡೀವಲ್ದು

ಮುಧೋಳದಿಂದ, ಕೇಳಿದವರು:
ನಮಸ್ಕಾರ ರೀ. ನಂದು 5 ಗೇರಿನ ಡೀಸೆಲ್ ಪಿಕಪ್. ಮಹಾಲಿಂಗಪುರದ ಬೆಲ್ಲ ಹೇರ್ಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕ ಹೋಗಿ ಬರ್ತೈತಿ. ಹೋದ ವರ್ಷ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರಿಮ್ಯಾಪ್ ಮಾಡಿಸ್ದೆ. ಎಳತ ಭಾಳ ಛಲೋ ಆತು. ಆದ್ರ ಈಗ ಮೂರನೇ ಗೇರಿನ್ಯಾಗ ಕುಂಯ್ ಅಂತೈತಿ, ಐದನೇದು ತಾನ ಹಾರಿ ನ್ಯೂಟ್ರಲ್‌ಗೆ ಬೀಳ್ತೈತಿ. ಗುಜರಿಯಾಗ ಒಂದು 6 ಗೇರಿನ ಬಾಕ್ಸ್ ನೋಡೀನಿ. ಅದನ್ನ ಕೂಡಿಸ್ಲೋ, ಇದನ್ನ ರಿಪೇರಿ ಮಾಡಿಸ್ಲೋ? ಎಷ್ಟು ಎಚ್‌ಪಿ ತಡೀತೈತಿ ಅಂತ ಹೆಂಗ ತಿಳೀಬೇಕು?

ವಿಜಯಪುರದ ಮೆಕ್ಯಾನಿಕ್:
ತಮ್ಮಾ, ಎಚ್‌ಪಿ ಬಿಡು, ಟಾರ್ಕ್ ಹೇಳು, ಅಂದ್ರ ಶಾಫ್ಟ್ ತಿರುವೋ ಬಲ. ಹಲ್ಲು ಮುರಿಯೋದು ಟಾರ್ಕಿಗೆ. ಎಂಜಿನ್ 300 ಎನ್‌ಎಂ (ಟಾರ್ಕಿನ ಅಳತಿ) ಕೊಟ್ಟು, ಮೊದಲನೇ ಗೇರಿನ ಅನುಪಾತ 4 ಇದ್ರ, ಹಿಂದಿನ ಶಾಫ್ಟಿಗೆ 1200 ಹೋಗ್ತದ. ಆಗ ಬಾಕ್ಸಿನೊಳಗ ಹಲ್ಲಿಗೆ ಹಲ್ಲು ಕೂಡಿ ತಿರುಗೋ ಎರಡು ಶಾಫ್ಟು, ಮೇನ್ ಶಾಫ್ಟು, ಕೌಂಟರ್ ಶಾಫ್ಟು, ಒಂದನ್ನೊಂದು ದೂರ ದಬ್ಬತಾವ. ಅದನ್ನ ತಡಿಯೋದು ಬೇರಿಂಗು, ಕೇಸಿಂಗು. ಅದಕ್ಕ ಗೇರ್ ಎಷ್ಟು ಅಂತ ಎಣಿಸಬ್ಯಾಡ. ಎರಡು ಶಾಫ್ಟಿನ ನಡುವಿನ ಅಂತರ ನೋಡು, ಹಲ್ಲಿನ ಅಗಲ ನೋಡು. ಅಷ್ಟ ಉದ್ದದ ಡಬ್ಬಿಯಾಗ ಆರು ಗೇರ್ ತುರುಕಿದ್ರ ಹಲ್ಲು ತೆಳ್ಳಗಾಗ್ತಾವ.

ಕಂಪನಿಯವರೂ ಲೆಕ್ಕಾ ಹಾಕೇ ಹಾಕ್ತಾರ. ಟೊಯೊಟಾ ಹೈಲಕ್ಸಿನ 2.8 ಲೀಟರ್ ಎಂಜಿನ್ ಒಂದ, ಆಟೋಮ್ಯಾಟಿಕ್‌ಗೆ 500 ಎನ್‌ಎಂ, ಮ್ಯಾನುವಲ್‌ಗೆ 420. ಸ್ಕಾರ್ಪಿಯೋ-ಎನ್ ಡೀಸೆಲ್‌ನಾಗ 400, 370. ಆ ಗುಜರಿ ಬಾಕ್ಸ್ ಯಾವ ಗಾಡಿದು ಕೇಳು. ಆ ಗಾಡಿ ಎಂಜಿನ್ನಿನ ಟಾರ್ಕ್ ನಿಂದಕ್ಕಿಂತ ಹೆಚ್ಚಿರಬೇಕು, ಅದೂ ಲೋಡ್ ಎಳೆಯೋ ಗಾಡಿ ಇರಬೇಕು. ಐದು ಮಂದಿ ಕೂಡೋ ಕಾರಿನ ಬಾಕ್ಸು ಬೆಲ್ಲದ ಪೆಂಟಿ ಹೊತ್ತು ಘಾಟ್ ಹತ್ತೂದಿಲ್ಲ.

ಬೆಳಗಾವಿ, ಉದ್ಯಮಬಾಗ:
ಲೇಥ್ ನಡಸಾವ ನಾನು. ಬ್ಯಾರೆ ಗಾಡಿ ಬಾಕ್ಸ್ ಅಂದ್ರ ಎಂಜಿನ್ನಿಗೂ ಬಾಕ್ಸಿಗೂ ನಡುವ ಕೂಡಿಸೋ ಅಡಾಪ್ಟರ್ ಪ್ಲೇಟ್ ಬೇಕಾಗ್ತೈತಿ. ಹಿಂದೊಮ್ಮೆ ಗೆಳೆಯಾಗ ಮಾಡಿಕೊಟ್ಟಿದ್ದೆ. ಬೋಲ್ಟಿನ ತೂತೆಲ್ಲಾ ಸರಿಯಾಗಿ ಕೂತವು, ಚಾ ಕುಡದು ಖುಷಿ ಪಟ್ವಿ. ಎರಡ ತಿಂಗಳಿಗೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋತು. ಬಾಕ್ಸ್ ಇಳಿಸಿ, ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಕೈಲೆ ಸಾವಕಾಶ ತಿರುಗಿಸಿದ್ರ ಮುಳ್ಳು ಅರ್ಧ ಮಿಲಿಮೀಟರ್ ಓಡಾಡ್ತಿತ್ತು. ಎಂಜಿನ್ನಿಂದು, ಬಾಕ್ಸಿಂದು ಸೆಂಟರ್ ಒಂದ ಗೆರಿಗೆ ಬರ್ತೈತೇನು ಅಂತ ನೋಡದ ಬಿಟ್ಟಿದ್ದೆ, ತಪ್ಪು ನಂದ. ಆ ಬೇರಿಂಗ್ ಇನ್ನೂ ನನ್ನ ಟೇಬಲ್ ಮ್ಯಾಲ ಐತಿ, ಬಿಲ್ ಹಾರದಂಗ ಇಟ್ಟೀನಿ. ಪ್ಲೇಟ್ ಆದ ಮ್ಯಾಲ ಕ್ಲಚ್ ಪ್ಲೇಟಿನ ಸ್ಪ್ಲೈನು, ಪೈಲಟ್ ಬೇರಿಂಗು, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಗೇರ್ ಲಿವರ್ ಎಲ್ಲಿ ಬರ್ತೈತಿ... ಗುಜರಿ ರೇಟಿನಕಿಂತ ಇದಕ್ಕ ಹೆಚ್ಚು ಹೋಗ್ತೈತಿ ರೀ.

ಬಾಗಲಕೋಟೆಯ ಡ್ರೈವರ್:
ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಲೋಡಿನ್ಯಾಗ ಐದನೇದ್ರಾಗ ಎಕ್ಸಿಲೇಟರ್ ಒತ್ತಿ ಎಳಸ್ತೀರಿ ಹೌದಲ್ರಿ? ಈ ತರದ 5 ಗೇರಿನ ಬಾಕ್ಸಿನ್ಯಾಗ ನಾಲ್ಕನೇದು ಡೈರೆಕ್ಟ್. ಎಂಜಿನ್ ತಿರುಗಿದಂಗ ಶಾಫ್ಟ್ ತಿರುಗ್ತೈತಿ, ಕೌಂಟರ್ ಶಾಫ್ಟಿಗೆ ಭಾರ ಬೀಳೂದಿಲ್ಲ. ಐದನೇದು ಓವರ್‌ಡ್ರೈವ್, ಶಾಫ್ಟ್ ಎಂಜಿನ್ನಿಗಿಂತ ಜೋರ ತಿರುಗ್ತೈತಿ, ಎಲ್ಲಾ ಭಾರ ಮತ್ತ ಹಲ್ಲಿನ ಮ್ಯಾಲ. ದಿಣ್ಣಿ ಕಂಡ್ರ ನಾಲ್ಕಕ್ಕ ಬರ್ರಿ. ಮತ್ತ ಜಾರದಂಗ ಗಟ್ಟಿ ಹಿಡಿಯೋ ಬಟನ್ ಕ್ಲಚ್ ಹಾಕಸ್ರಿ ಅಂತ ಯಾರರ ಅಂದ್ರ ಕೇಳಬ್ಯಾಡ್ರಿ. ಜಾರೋ ಕ್ಲಚ್ ಫ್ಯೂಜ್ ಇದ್ದಂಗ. ಅದು ಜಾರಲಿಲ್ಲಂದ್ರ ಆ ಪೆಟ್ಟು ಗೇರಿಗೆ ಬೀಳ್ತೈತಿ.

ಗೋಕಾಕದಿಂದ:
ಎಂಜಿನ್ ಬದಲಿಸೋ ವಿಚಾರ ಬಂದ್ರ ಮೊದಲ ಆರ್‌ಟಿಒ ಒಪ್ಪಿಗಿ ತಗೋರಿ. ಮೋಟಾರು ವಾಹನ ಕಾಯ್ದೆ 52ನೇ ಕಲಂ.

ಮುಧೋಳದಿಂದ:
ನಿನ್ನೆ ಸಂಜಿ ಡ್ರೇನ್ ಬೋಲ್ಟ್ ಬಿಚ್ಚಿದೆ. ಎಣ್ಣಿ ಕರ್ರಗ ಕಾಕಂಬಿ ಬಂದಂಗ ಬಂತು, ನಡುವ ಹಿತ್ತಾಳಿ ಪುಡಿ ಮಿಂಚ್ತಿತ್ತು. ಬೋಲ್ಟಿನ ಮ್ಯಾಗ್ನೆಟ್‌ಗೆ ಬೂದಿಬಣ್ಣದ ರಾಡಿ, ಅದ್ರಾಗ ಅಕ್ಕಿನುಚ್ಚಿನಷ್ಟು ಎರಡು ಚೂರು.

ವಿಜಯಪುರದ ಮೆಕ್ಯಾನಿಕ್:
ರಾಡಿ ಎಲ್ಲಾ ಬಾಕ್ಸಿನ್ಯಾಗೂ ಇರ್ತದ, ಅದಕ್ಕ ಹೆದರಬ್ಯಾಡ. ಹಿತ್ತಾಳಿ ಸಿಂಕ್ರೊ ರಿಂಗಿಂದು, ಗೇರ್ ಸಲೀಸ ಬೀಳಂಗ ಮಾಡೋ ರಿಂಗ್ ಅದು. ಆ ಚೂರು ಮಾತ್ರ ಹಲ್ಲಿನವು. ಇನ್ನ ಗಾಡಿ ಓಡಿಸಬ್ಯಾಡ. ಬಾಕ್ಸ್ ಕಟ್ಟಿದ ಮ್ಯಾಲ ಗಾಡಿ ಪುಸ್ತಕದಾಗ ಬರದಿದ್ದ ಗ್ರೇಡಿನ ಎಣ್ಣಿನ ಹಾಕು. ಜಿಎಲ್-4 ಅಂತಿದ್ರ ಜಿಎಲ್-4.

ಮುಧೋಳದಿಂದ:
ಗುಜರಿಯವ್ರಿಗೆ ಬ್ಯಾಡ ಅಂತ ಹೇಳಿದೆ ಕಾಕಾ. ರಿಮ್ಯಾಪ್ ತಗಸಿ ಮೊದಲಿನಂಗ ಮಾಡಸ್ತೀನಿ, ರವಿವಾರ ಬಾಕ್ಸ್ ಇಳಸ್ತೀವಿ. ಮೂರನೇ ಗೇರ್ ಒಂದ ಬದಲಿಸಿದ್ರ ಸಾಕೇನ್ರಿ, ಕೌಂಟರ್ ಶಾಫ್ಟಿಂದೂ ಬೇಕೇನು?

ವಿಜಯಪುರದ ಮೆಕ್ಯಾನಿಕ್:
ಜೋಡಿನ ಹಾಕು. ಹೊಸ ಹಲ್ಲಿಗೆ ಸವೆದ ಹಲ್ಲು ಕೂಡಿಸಿದ್ರ ಮತ್ತ ಕುಂಯ್ ಅಂತದ.