‘ಸಬ್ಜುಗೇಟ್’ ಪದಕ್ಕೆ ‘ಅಧೀನಗೊಳಿಸು’ ಸಾಕೇ?

ಗೆಳೆಯರೇ,

ಒಂದು ಚರಿತ್ರೆಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಸಬ್ಜುಗೇಟ್’ (subjugate) ಅನ್ನುವ ಇಂಗ್ಲಿಷ್ ಪದ ಮೇಲಿಂದ ಮೇಲೆ ಬರುತ್ತದೆ, ಸೋಲಿಸಿ ಕೈಕೆಳಗೆ ಇಟ್ಟುಕೊಳ್ಳುವುದು ಅಂತ ಅರ್ಥ. ‘ಅಧೀನಗೊಳಿಸು’ ಅಂತ ಬರೆದೆ, ‘ವಶಪಡಿಸಿಕೊಳ್ಳು’ ಅಂತಲೂ ಬರೆದು ನೋಡಿದೆ. ಎರಡೂ ಸಪ್ಪೆ. ಪೊಲೀಸರು ಮರಳಿನ ಲಾರಿಯನ್ನೂ ವಶಪಡಿಸಿಕೊಳ್ಳುತ್ತಾರೆ, ಅಲ್ಲಿ ಯಾರ ತಲೆಯೂ ತಗ್ಗುವುದಿಲ್ಲ.

ಪದದ ಬೇರು ಲ್ಯಾಟಿನ್. ‘ಸುಬ್’ ಅಂದರೆ ಕೆಳಗೆ, ‘ಯುಗುಮ್’ ಅಂದರೆ ನೊಗ. ಸಂಸ್ಕೃತದ ‘ಯುಗ’ಕ್ಕೂ ನೊಗ ಅನ್ನುವ ಅರ್ಥವಿದೆ, ಇಂಗ್ಲಿಷಿನ ‘ಯೋಕ್’ ಕೂಡ ಇದೇ ಬಳ್ಳಿಯದು. ಆದರೆ ರೋಮನ್ನರ ಕಾಲದಲ್ಲಿ ಈ ನೊಗ ಎತ್ತಿಗೆ ಮಾತ್ರ ಇರಲಿಲ್ಲ. ಎರಡು ಈಟಿ ನೆಟ್ಟು, ಮೂರನೆಯದನ್ನು ಅಡ್ಡ ಕಟ್ಟಿ, ಸೋತವರನ್ನು ಅದರಡಿ ನುಸುಳಿಸುತ್ತಿದ್ದರು. ಕ್ರಿ.ಪೂ. 321ರಲ್ಲಿ ಇಟಲಿಯ ಕೌಡಿಯಂ ಕಣಿವೆಯಲ್ಲಿ ತಮ್ಮ ವೈರಿಗಳಾದ ಸಾಮ್ನೈಟರ ಕೈಗೆ ಸಿಕ್ಕಿಬಿದ್ದ ರೋಮನ್ ಸೈನ್ಯಕ್ಕೇ ಈ ಗತಿ ಬಂತು. ಆಯುಧ ಕಳಚಿ, ಮೈಮೇಲೆ ಒಂದೇ ಬಟ್ಟೆಯಲ್ಲಿ, ಮುಂದೆ ದಂಡನಾಯಕರು, ಹಿಂದೆ ಪಡೆ, ಎಲ್ಲರೂ ಬಗ್ಗಿ ದಾಟಿದರು.

ಬಗ್ಗಿ ಅಂದ ಕೂಡಲೇ ನಮ್ಮ ‘ಬಗ್ಗುಬಡಿ’ ನೆನಪಾಯಿತು. ಒಳ್ಳೆಯ ಪದ, ಚಿತ್ರವೂ ಅದೇ. ಆದರೆ ಈಗ ಕ್ರಿಕೆಟ್ ಸುದ್ದಿಯಲ್ಲಿ ದಿನಾ ಯಾರೋ ಯಾರನ್ನೋ ಬಗ್ಗುಬಡಿಯುತ್ತಾರೆ, ಮುಂದಿನ ಪಂದ್ಯದಲ್ಲಿ ಸೋತವರೇ ಗೆಲ್ಲುತ್ತಾರೆ. ಸಬ್ಜುಗೇಟ್‌ನಲ್ಲಿ ಬಗ್ಗಿದ ಬೆನ್ನು ಬಗ್ಗಿಯೇ ಇರಬೇಕು.

(‘ಡಾಮಿನೇಟ್’ ಬೇರೆ. ಅದು ಮನೆಯೊಡೆಯ ಅನ್ನುವ ‘ದೊಮಿನುಸ್’ನಿಂದ ಬಂದದ್ದು, ಅದಕ್ಕೆ ‘ಯಜಮಾನಿಕೆ’ ಚೆನ್ನಾಗಿ ಹೊಂದುತ್ತದೆ.)

ಊರಲ್ಲಿ ಹೋರಿಯನ್ನು ಮೊದಲ ಸಲ ಹೂಡುವಾಗ ಪಕ್ಕದಲ್ಲಿ ಪಳಗಿದ ಎತ್ತು ಕಟ್ಟುತ್ತಾರೆ. ಕೊರಳಿಗೆ ಕಣ್ಣಿ ಬಿಗಿದರೆ ಸಾಕು, ಹೋರಿ ತಲೆ ಕೊಡವುತ್ತದೆ, ಒದೆಯುತ್ತದೆ, ಕೆಲವು ಸಲ ಸಾಲಲ್ಲೇ ಮಲಗಿಬಿಡುತ್ತದೆ. ಸ್ವಲ್ಪ ದಿನ ಹೋಗಲಿ, ನೊಗ ಎತ್ತಿ ಹಿಡಿದರೆ ತಾನೇ ಬಂದು ಹೆಗಲು ಕೊಡುತ್ತದೆ. ನನಗೆ ಬೇಕಾದ ಅರ್ಥ ಅದು. ಮೊದಲು ಬಲವಂತ, ಆಮೇಲೆ ಅಭ್ಯಾಸ.

ಹಾಗಾಗಿ ‘ನೊಗಕ್ಕೆ ಹೂಡು’ ಅಂತ ಬಳಸೋಣ ಅನ್ನಿಸಿದೆ. ‘ಆ ಸೀಮೆಯ ಜನರನ್ನು ನೊಗಕ್ಕೆ ಹೂಡಿದರು’ ಅಂದರೆ ಓದುವವರಿಗೆ ಭಾರ ತಟ್ಟುತ್ತದೆ. ತೊಡಕಿರುವುದು ನಾಮಪದದಲ್ಲಿ. ‘ಹೂಡಿಕೆ’ ಅಂದರೆ ಈಗ ಎಲ್ಲರಿಗೂ ಷೇರು, ಬಂಡವಾಳವೇ ನೆನಪಾಗುವುದು. ‘ಅಡಿಯಾಳುತನ’ ಆಳಾದವರ ಸ್ಥಿತಿ ಹೇಳುತ್ತದೆ, ಆಳಾಗಿಸಿದವರ ಕೆಲಸ ಹೇಳುವುದಿಲ್ಲ.

ನಿಮ್ಮ ಕಡೆ ಹೋರಿ ಪಳಗಿಸುವುದಕ್ಕೆ, ಹೀಗೆ ಜನರನ್ನು ಬಗ್ಗಿಸಿ ಇಟ್ಟುಕೊಳ್ಳುವುದಕ್ಕೆ ಏನಂತಾರೆ? ಒಂದು ವಾಕ್ಯದಲ್ಲಿ ಬಳಸಿ ತಿಳಿಸಿದರೆ ಇನ್ನೂ ಒಳ್ಳೆಯದು.