ನಮ್ಮ ಕಾರ್ಖಾನೆಯ ವಿದ್ಯುತ್ತು ಸೌರಮೂಲದ್ದೆಂದು ಬರೆದುಕೊಡಲು ಯಾವ ದಾಖಲೆ ಬೇಕು?

ಪ್ರಶ್ನೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ತಿಂಗಳಿಗೆ ಸುಮಾರು 2 ಲಕ್ಷ ಯೂನಿಟ್ ವಿದ್ಯುತ್ ಬಳಸುತ್ತೇವೆ. ಹೆಚ್ಚಿನ ಪಾಲನ್ನು ಚಿತ್ರದುರ್ಗ ಜಿಲ್ಲೆಯ ಖಾಸಗಿ ಸೌರ ಘಟಕವೊಂದರಿಂದ ಓಪನ್ ಆಕ್ಸೆಸ್ ಮೂಲಕ, ಅಂದರೆ ಗ್ರಿಡ್ಡಿನ ತಂತಿಯನ್ನು ಬಳಸಿ ಉತ್ಪಾದಕರಿಂದ ನೇರವಾಗಿ ಕೊಳ್ಳುತ್ತೇವೆ, ಉಳಿದದ್ದು ಬೆಸ್ಕಾಂನಿಂದ ಬರುತ್ತದೆ. ಈಗ ಜರ್ಮನಿಯ ಗ್ರಾಹಕರು ನಮ್ಮ ವಿದ್ಯುತ್ತಿನ ಮೂಲಕ್ಕೆ ಪುರಾವೆ ಕೇಳಿದ್ದಾರೆ. ಘಟಕದವರು ತಮ್ಮ ಲೆಟರ್‌ಹೆಡ್‌ನಲ್ಲಿ ‘ಹಸಿರು ಪ್ರಮಾಣಪತ್ರ’ ಎಂಬ ಒಂದು ಪುಟವನ್ನು ಕಳುಹಿಸಿದ್ದಾರೆ. ಅದನ್ನು ನಂಬಿ ಸಹಿ ಹಾಕಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಅದೇ ಯೂನಿಟ್ಟನ್ನು ಇನ್ನೊಬ್ಬರೂ ತಮ್ಮದೆಂದು ಹೇಳಿಕೊಂಡಿಲ್ಲ ಎಂಬುದನ್ನು ನಾನು ಹೇಗೆ ಖಚಿತಪಡಿಸಿಕೊಳ್ಳಲಿ?

ಉತ್ತರ 1

ನಿಮ್ಮ ಅನುಮಾನ ಸರಿಯಾಗಿದೆ. ಗ್ರಿಡ್ಡಿಗೆ ಸೇರಿದ ಮೇಲೆ ಚಿತ್ರದುರ್ಗದ ಬಿಸಿಲಿನ ಯೂನಿಟ್ಟನ್ನು ರಾಯಚೂರಿನ ಕಲ್ಲಿದ್ದಲಿನ ಯೂನಿಟ್ಟಿನಿಂದ ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲವಾದ್ದರಿಂದ, ಇಲ್ಲಿ ಪರಿಶೀಲನೆಗೆ ಸಿಗುವುದು ಲೆಕ್ಕ ಮಾತ್ರ. ಆ ಲೆಕ್ಕಕ್ಕೆ ಎರಡು ಭಾಗಗಳಿವೆ. ಘಟಕ ನಿಜವಾಗಿ ಎಷ್ಟು ಯೂನಿಟ್ ಗ್ರಿಡ್ಡಿಗೆ ಬಿಟ್ಟಿತು ಎಂಬುದು ಮೊದಲನೆಯದು. ಘಟಕದ ಮೀಟರ್ ರೀಡಿಂಗ್ ಮತ್ತು ನಿಮ್ಮ ಎಚ್‌ಟಿ (ಹೈ ಟೆನ್ಷನ್) ಬಿಲ್ಲಿನಲ್ಲಿ ವೀಲಿಂಗ್, ಅಂದರೆ ಗ್ರಿಡ್ಡಿನ ಮೂಲಕ ಸಾಗಿಸಿ ತಂದದ್ದು, ಎಂದು ಕಳೆದಿರುವ ಯೂನಿಟ್ ತಾಳೆಯಾದರೆ ಅಷ್ಟು ಸಾಬೀತಾಗುತ್ತದೆ, ಬಹುಪಾಲು ಕಂಪನಿಗಳು ಇಲ್ಲಿಗೇ ನಿಲ್ಲುತ್ತವೆ.

ಎರಡನೆಯ ಭಾಗವೇ ಕಷ್ಟದ್ದು: ಆ ಯೂನಿಟ್ಟಿನ ಹಸಿರು ಹಕ್ಕು, ಅಂದರೆ ಅದನ್ನು ಸೌರವೆಂದು ಹೇಳಿಕೊಳ್ಳುವ ಹಕ್ಕು, ಈಗ ಯಾರ ಕೈಯಲ್ಲಿದೆ? ನಮ್ಮ ದೇಶದಲ್ಲಿ 2010ರಿಂದ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ, ಅಂದರೆ ಆರ್‌ಇಸಿ ವ್ಯವಸ್ಥೆ ಇದೆ. 1,000 ಯೂನಿಟ್ಟಿಗೆ ಒಂದು ಆರ್‌ಇಸಿಯಂತೆ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರವು ಅದನ್ನು ನೀಡುತ್ತದೆ. ಈ ವ್ಯವಸ್ಥೆಯ ಮೂಲ ವಿಚಾರವೇ ವಿದ್ಯುತ್ತನ್ನು ಒಬ್ಬರಿಗೆ, ಅದರ ಹಸಿರು ಹಕ್ಕನ್ನು ಬೇರೊಬ್ಬರಿಗೆ ಮಾರಬಹುದು ಎಂಬುದು. ಹಾಗೆ ಹಕ್ಕನ್ನು ಮಾರಿಯಾದ ಮೇಲೆ ಉಳಿದ ವಿದ್ಯುತ್ತನ್ನು ಸೌರವೆಂದು ಕರೆಯುವ ಅಧಿಕಾರ ಕೊಂಡವರಿಗೆ ಇರುವುದಿಲ್ಲ. ಇದಲ್ಲದೆ ಐ‑ರೆಕ್ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಇದೆ. ಸ್ವಇಚ್ಛೆಯಿಂದ ಕೊಳ್ಳುವ ಕಂಪನಿಗಳಲ್ಲಿ ಅದೇ ಹೆಚ್ಚು ಬಳಕೆಯಲ್ಲಿದೆ.

ಆದ್ದರಿಂದ ಘಟಕದ ಹೆಸರು ಆರ್‌ಇಸಿ ನೋಂದಣಿ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ, ಆ ಪಟ್ಟಿ ಸಾರ್ವಜನಿಕವಾಗಿದೆ. ಆಮೇಲೆ, ನಿಮಗೆ ಮಾರಿದ ಯೂನಿಟ್ಟಿಗೆ ಐ‑ರೆಕ್ ಪಡೆದಿದ್ದಾರೆಯೇ, ಪಡೆದಿದ್ದರೆ ಯಾರ ಹೆಸರಿನಲ್ಲಿ ಅದನ್ನು ಮುಕ್ತಾಯಗೊಳಿಸಿದ್ದಾರೆ (ಮತ್ತೆ ಮಾರಲಾಗದಂತೆ ಬಳಸಿ ಮುಗಿಸಿದ್ದಾರೆ) ಎಂದು ಲಿಖಿತವಾಗಿ ಕೇಳಿ. ಮುಕ್ತಾಯಗೊಳಿಸಿದ ಪತ್ರದಲ್ಲಿ ಫಲಾನುಭವಿಯ ಹೆಸರು, ಅವಧಿ, ಘಟಕ ಮತ್ತು ಯೂನಿಟ್ಟುಗಳ ಪ್ರಮಾಣ ಇರುತ್ತವೆ. ಆ ನಾಲ್ಕೂ ಇಲ್ಲದ ಲೆಟರ್‌ಹೆಡ್ ಪುಟಕ್ಕೆ ನಾನು ಬೆಲೆ ಕೊಡುವುದಿಲ್ಲ.

ಉತ್ತರ 2

ಮೇಲಿನ ಉತ್ತರಕ್ಕೆ ಸಮಯದ ಪ್ರಶ್ನೆಯನ್ನು ಸೇರಿಸುತ್ತೇನೆ. ನಿಮ್ಮಲ್ಲಿ ರಾತ್ರಿ ಪಾಳಿ ಇದ್ದರೆ, ಮಧ್ಯಾಹ್ನ ಹೆಚ್ಚಾಗಿ ಉತ್ಪಾದನೆಯಾದ ಯೂನಿಟ್ಟನ್ನು ಬ್ಯಾಂಕಿಂಗ್ ಮಾಡಿ, ಅಂದರೆ ಲೆಕ್ಕದಲ್ಲಿ ಜಮಾ ಇಟ್ಟು, ರಾತ್ರಿಯ ಬಳಕೆಗೆ ಹೊಂದಿಸಿರುತ್ತಾರೆ. ಪುಸ್ತಕದಲ್ಲಿ ಆ ಲೆಕ್ಕ ಸರಿಯೇ. ಆದರೆ ಸೂರ್ಯ ಮುಳುಗಿದ ಮೇಲೆ ನಿಮ್ಮ ಲೇತ್ ಯಂತ್ರವನ್ನು ತಿರುಗಿಸುವುದು ಶರಾವತಿಯ ನೀರು, ರಾಯಚೂರು ಮತ್ತು ಬಳ್ಳಾರಿಯ ಕಲ್ಲಿದ್ದಲು. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಕೂಡ ಆ ಹೊತ್ತಿನಲ್ಲಿ ಏನನ್ನೂ ಕೊಡಲಾರದು. ವಾರ್ಷಿಕ ಮೊತ್ತ ಹೊಂದಿದರೆ ಸಾಕೆಂಬ ಪದ್ಧತಿಯಿಂದ ಗಂಟೆ ಗಂಟೆಗೆ ತಾಳೆ ನೋಡುವ ಕಡೆಗೆ ಯುರೋಪು ಹೊರಳುತ್ತಿದೆ. ನವೀಕರಿಸಬಹುದಾದ ವಿದ್ಯುತ್ತಿನಿಂದ ತಯಾರಿಸುವ ಹಸಿರು ಹೈಡ್ರೋಜನ್ ವಿಷಯದಲ್ಲಿ 2030ರಿಂದ ಅಲ್ಲಿ ಗಂಟೆವಾರು ತಾಳೆಯನ್ನು ನಿಯಮವನ್ನಾಗಿಯೇ ಮಾಡಿದ್ದಾರೆ. ನಿಮ್ಮ ಗ್ರಾಹಕರು ಇವತ್ತು ಅದನ್ನು ಕೇಳದಿರಬಹುದು, ಆದರೂ ಮೀಟರಿನ 15 ನಿಮಿಷಗಳ ದತ್ತಾಂಶವನ್ನು ಈಗಿನಿಂದಲೇ ಜೋಪಾನವಾಗಿ ಇಟ್ಟುಕೊಳ್ಳಿ.

ಹೊಸ ಘಟಕ ಕಟ್ಟಲು ನಿಮ್ಮ ಹಣ ನೆರವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಸೌರ ಆರ್‌ಇಸಿಯ ಕನಿಷ್ಠ ಬೆಲೆ 2012ರಲ್ಲಿ 9,300 ರೂಪಾಯಿ ಇದ್ದದ್ದು 2017ರಲ್ಲಿ 1,000ಕ್ಕೆ ಇಳಿಯಿತು, 2022ರ ನಿಯಮಗಳಲ್ಲಿ ಕನಿಷ್ಠ ಬೆಲೆಯನ್ನೇ ತೆಗೆದುಹಾಕಲಾಯಿತು. ಹೊಸ ಘಟಕಕ್ಕೆ ನೆರವಾಗದ, ಹಳೆಯ ಘಟಕದ ಅಗ್ಗದ ಪ್ರಮಾಣಪತ್ರವನ್ನು ಕೊಂಡು ‘ಇಂಗಾಲ ತಗ್ಗಿಸಿದೆವು’ ಎಂದು ಹೇಳುವುದು ನನ್ನ ದೃಷ್ಟಿಯಲ್ಲಿ ತಪ್ಪು. ನಿಮ್ಮದು ನೇರ ಒಪ್ಪಂದವಾದ್ದರಿಂದ ಅದಕ್ಕಿಂತ ಗಟ್ಟಿಯಾದ ನೆಲೆಯಲ್ಲಿದ್ದೀರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆರ್‌ಇಸಿ ಪಟ್ಟಿಯಲ್ಲಿ ಘಟಕದ ಹೆಸರಿಲ್ಲ. ಆದರೆ ಲಿಖಿತವಾಗಿ ಕೇಳಿದಾಗ, ಕಳೆದ ವರ್ಷದ ಅಷ್ಟೂ ಉತ್ಪಾದನೆಗೆ ಐ‑ರೆಕ್ ಪಡೆದು ಅದನ್ನು ಬೇರೊಂದು ಕಂಪನಿಗೆ ಮಾರಿರುವುದಾಗಿ ಒಪ್ಪಿಕೊಂಡರು. ನಮ್ಮ ಒಪ್ಪಂದದಲ್ಲಿ ಹಸಿರು ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ, ಸಹಿ ಮಾಡುವಾಗ ನಾವು ಯೂನಿಟ್ ದರವನ್ನಷ್ಟೇ ನೋಡಿದ್ದೆವು. ಈಗ ಗ್ರಾಹಕರಿಗೆ ಏನೆಂದು ಬರೆಯಲಿ?

ಉತ್ತರ 1ರವರು ಮತ್ತೆ

ಕಳೆದ ವರ್ಷದ ಹಕ್ಕು ಕೈತಪ್ಪಿದೆ, ಅದನ್ನು ಹಾಗೆಯೇ ಒಪ್ಪಿಕೊಂಡು ಬರೆಯಿರಿ. ಆ ಯೂನಿಟ್ಟುಗಳನ್ನೂ ಗ್ರಿಡ್ಡಿನ ಸರಾಸರಿಯಲ್ಲೇ ಲೆಕ್ಕ ಹಾಕಬೇಕಾಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು ಪ್ರತಿ ವರ್ಷ ಪ್ರಕಟಿಸುವ ಅಂಕಿಯ ಪ್ರಕಾರ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದರೆ, ನಿಮ್ಮ 2 ಲಕ್ಷ ಯೂನಿಟ್ಟಿಗೆ ತಿಂಗಳಿಗೆ ಸುಮಾರು 140 ಟನ್ ಆಗುತ್ತದೆ. ಶೂನ್ಯವೆಂದು ಬರೆಯಬೇಕೆಂದಿದ್ದ ಜಾಗದಲ್ಲಿ ಈ ಅಂಕಿಯನ್ನು ಬರೆಯುವುದು ನೋವಿನ ಕೆಲಸವೇ ಸರಿ, ಆದರೆ ಆ ಇನ್ನೊಂದು ಕಂಪನಿಯ ವರದಿಯಲ್ಲಿ ಅದೇ ಯೂನಿಟ್ ಈಗಾಗಲೇ ಶೂನ್ಯವೆಂದು ದಾಖಲಾಗಿರುತ್ತದೆ.

ಈ ವರ್ಷಕ್ಕೆ ಒಪ್ಪಂದಕ್ಕೆ ಒಂದು ತಿದ್ದುಪಡಿ ಸೇರಿಸಿ: ನಿಮಗೆ ಮಾರಿದ ಪ್ರತಿ ಯೂನಿಟ್ಟಿನ ಹಸಿರು ಹಕ್ಕು ನಿಮ್ಮದೇ ಆಗಿರಬೇಕು, ಅದಕ್ಕೆ ಯಾವುದೇ ಪ್ರಮಾಣಪತ್ರ ಪಡೆದರೂ ನಿಮ್ಮ ಕಾರ್ಖಾನೆಯ ಹೆಸರಿನಲ್ಲೇ ಮುಕ್ತಾಯಗೊಳಿಸಬೇಕು. ಅವರು ದರ ಸ್ವಲ್ಪ ಹೆಚ್ಚು ಕೇಳಿಯಾರು. ಕೇಳಿದರೆ ಅದು ಆ ಹಕ್ಕಿನ ಬೆಲೆ ಎಂದು ತಿಳಿದು ಚೌಕಾಸಿ ಮಾಡಿ.