ಎಡಮಂಡಿಯೂ ಆಸ್ಪೆನ್ ಕಾಡೂ: 62ರ ವಯಸ್ಸಿನಲ್ಲಿ ದಿನವಿಡೀ ನಡೆಯಬಹುದೇ?

ಕಕ್ಕಬ್ಬೆ ತೋಟದವ:
ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿಸಿ ಕೊಲೊರಾಡೊದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಸೆಪ್ಟೆಂಬರ್ ಕೊನೆಯ ವಾರ ಕೆಬ್ಲರ್ ಪಾಸ್ ಎಂಬ ಬೆಟ್ಟದ ದಾರಿಯ ಹತ್ತಿರ ಆಸ್ಪೆನ್ ಮರಗಳ ನಡುವೆ ಹದಿನೆಂಟು ಕಿಲೋಮೀಟರ್ ನಡೆಸುತ್ತಾಳಂತೆ. ತಡಿಯಂಡಮೋಳ್ ನಮ್ಮ ಹಿತ್ತಲ ಬೆಟ್ಟವಿದ್ದಂತೆ. ಬೆಳಿಗ್ಗೆ ನಾಲ್ಕುನಾಡು ಅರಮನೆಯ ಹತ್ತಿರದಿಂದ ಹತ್ತಿ ಇಳಿದು ಮನೆಯಲ್ಲೇ ಊಟ ಮಾಡುತ್ತಿದ್ದೆ. ಅದೆಲ್ಲ ಹತ್ತು ವರ್ಷದ ಹಿಂದಿನ ಮಾತು. ಈಗ ತೋಟದ ಇಳಿಜಾರಿನಲ್ಲೇ ಎಡಮಂಡಿ ಕಟಕಟ ಎನ್ನುತ್ತದೆ. ಧೈರ್ಯ ಮಾಡಬಹುದೇ?

ಇನ್ನೊಂದು ಮಾತು. ಎಲೆ ಹಳದಿಯಾಗುವುದನ್ನು ನೋಡಲು ಅಷ್ಟು ದೂರ ಹೋಗಬೇಕೇ? ನಮ್ಮಲ್ಲಿ ಕಾಫಿ ಎಲೆಯಲ್ಲಿ ಹಳದಿ ಚುಕ್ಕೆ ಕಂಡರೆ ತುಕ್ಕು ರೋಗವೆಂದು ಬೋರ್ಡೋ ದ್ರಾವಣ ಹೊಡೆಯುತ್ತೇವೆ.

ಡೆನ್ವರ್ ಕನ್ನಡಿಗ:
ಮಂಡಿಗಿಂತ ಮೊದಲು ಉಸಿರಿನ ಬಗ್ಗೆ ಯೋಚಿಸಿ, ಸರ್. ತಡಿಯಂಡಮೋಳ್ ತುದಿ 1748 ಮೀಟರ್. ಕೆಬ್ಲರ್ ಪಾಸ್ ಸುಮಾರು 3050. ನೀವು ಏದುಸಿರು ಬಿಟ್ಟು ಮುಟ್ಟುತ್ತಿದ್ದ ತುದಿಗಿಂತ 1300 ಮೀಟರ್ ಮೇಲೆ ಇಲ್ಲಿ ಕಾರು ನಿಲ್ಲಿಸುತ್ತೇವೆ. ಬಂದ ಮರುದಿನವೇ ಹೊರಡಬೇಡಿ. ಒಂದೆರಡು ರಾತ್ರಿ ಹತ್ತಿರದ ಊರು ಕ್ರೆಸ್ಟೆಡ್ ಬ್ಯೂಟ್‌ನಲ್ಲಿ ಮಲಗಿ. ತಲೆನೋವು, ವಾಕರಿಕೆ ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಆ ಹೊತ್ತಿಗೆ ಬೇಟೆಯ ಕಾಲವೂ ಶುರುವಾಗಿರುತ್ತದೆ, ಎದ್ದು ಕಾಣುವ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ. ಕೋವಿ ಪೂಜೆ ಮಾಡಿ ಬರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಮಡಿಕೇರಿ ಮೇಷ್ಟ್ರು:
ರೋಗವಲ್ಲ ಅಣ್ಣ. ಚಳಿ ಹತ್ತಿರವಾದಾಗ ಮರ ಎಲೆಯ ಹಸಿರನ್ನು ಕಳಚಿಕೊಳ್ಳುತ್ತದೆ, ಒಳಗೆ ಮೊದಲೇ ಇದ್ದ ಹಳದಿ ಆಗ ಕಾಣುತ್ತದೆ. ಎಲೆಯ ತೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿ, ಚಪ್ಪಟೆಯಾಗಿರುತ್ತದೆ. ಆದ್ದರಿಂದಲೇ ನಮ್ಮ ಅರಳಿ ಎಲೆಯಂತೆ, ಅದಕ್ಕಿಂತಲೂ ಬೇಗ, ಸಣ್ಣ ಗಾಳಿಗೂ ನಡುಗುತ್ತದೆ. ಬಿದಿರು ಮೆಳೆಯ ಹಾಗೆ ಒಂದೇ ಬೇರಿನಿಂದ ನೂರಾರು ಕಾಂಡ ಏಳುತ್ತವೆ. ಪಕ್ಕದ ಯೂಟಾ ರಾಜ್ಯದ ಪಾಂಡೊ ಎಂಬ ಗುಂಪು ಸುಮಾರು 43 ಹೆಕ್ಟೇರ್ ಹರಡಿದೆ. 47,000ದಷ್ಟು ಕಾಂಡಗಳಿರುವ ಅದು ಒಂದೇ ಜೀವ.

ನಾಪೋಕ್ಲು:
ಇಳಿಯುವಾಗ ಎರಡು ಕೈಗೂ ಕೋಲು ಇರಲಿ. ಜಿಗಣೆಗೆಂದು ಸುಣ್ಣ, ಹೊಗೆಸೊಪ್ಪು ಕಟ್ಟಿಕೊಂಡು ಹೋಗಿ ಮಗಳ ಕೈಯಲ್ಲಿ ನಗಿಸಿಕೊಳ್ಳಬೇಡಿ.

ಕಕ್ಕಬ್ಬೆ ತೋಟದವ:
ನಡೆದು ಬಂದೆ. ಹದಿನೆಂಟಲ್ಲ, ಹದಿನಾಲ್ಕು. ಉಳಿದ ನಾಲ್ಕನ್ನು ಮಂಡಿ ಬೇಡವೆಂದಿತು, ಮಗಳೂ ಮಂಡಿಯ ಪಕ್ಷ ವಹಿಸಿದಳು. ಡೆನ್ವರ್‌ನವರು ಹೇಳಿದ್ದು ನಿಜ, ಮೊದಲ ಏರಿನಲ್ಲೇ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ. ಹಾಗೆ ನಿಂತಿದ್ದರಿಂದಲೇ ಕಣ್ಣಿಗೆ ಬಿದ್ದದ್ದು: ಎದುರಿನ ಇಳಿಜಾರಿನಲ್ಲಿ ಒಂದು ತುಂಡು ಪೂರ್ತಿ ಹಳದಿ, ಅದಕ್ಕೆ ತಾಗಿದ ತುಂಡು ಇನ್ನೂ ಹಸಿರು. ನಡುವೆ ಬೇಲಿ ಹಾಕಿದ ಹಾಗೆ ಗೆರೆ. ಮೇಷ್ಟ್ರು ಹೇಳಿದ ಒಂದೇ ಬೇರಿನ ಲೆಕ್ಕ ಆಗ ಅರ್ಥವಾಯಿತು. ಒಂದು ಬೇರಿನವೆಲ್ಲ ಒಟ್ಟಿಗೆ ಹಣ್ಣಾಗುತ್ತವೆ, ಪಕ್ಕದ ಮನೆಯವರಿಗೆ ಇನ್ನೂ ದಿನವಿದೆ.

ಕಾಂಡಕ್ಕೆ ಕೈಯೂರಿ ಸುಧಾರಿಸಿಕೊಂಡೆ. ಅಂಗೈ ವಿಭೂತಿ ಮುಟ್ಟಿದಂತೆ ಬೆಳ್ಳಗಾಯಿತು, ತೊಗಟೆಯ ಮೇಲೆ ಅಂಥ ಪುಡಿಯಿದೆ. ಕೊಂಬೆ ಉದುರಿದ ಕಡೆಗಳಲ್ಲೆಲ್ಲ ಕಪ್ಪು ಕಣ್ಣಿನಂಥ ಗುರುತು. ಅಷ್ಟು ಕಣ್ಣುಗಳ ಎದುರು ಕುಳಿತು ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ ತಿಂದೆವು.

ಊಟ ಮುಗಿಯುವಷ್ಟರಲ್ಲಿ ಹಿಂದಿನಿಂದ ಮಳೆ ಬರುವ ಸದ್ದು. ಕಣದಲ್ಲಿ ಕಾಫಿ ಹರಡಿಟ್ಟವನಂತೆ ದಡಕ್ಕನೆ ಎದ್ದುನಿಂತೆ. ಆಕಾಶ ನೀಲಿಯಾಗಿಯೇ ಇತ್ತು. ಎಲೆಗಳು. ಮಗಳು ಇವತ್ತಿಗೂ ಅದನ್ನು ನೆನೆಸಿಕೊಂಡು ನಗುತ್ತಿದ್ದಾಳೆ.